ವೃದ್ಧಾಪ್ಯ ವೇತನಕ್ಕೂ ತುಟ್ಟಿಭತ್ಯೆ ಬೇಡವೆ?



ಕಾಫಿ ಕೊಯ್ಲು ಮುಗಿದ ಮೇಲೆ ನಾವು ಕೆಲವರು ಬಾದಾಮಿ, ಮಹಾಕೂಟ, ಇಳಕಲ್ಲುಗಳ ಕಡೆ ಪ್ರವಾಸ ಹೋಗಿದ್ದೆವು. ಮಹಾಕೂಟದ ಪುಷ್ಕರಿಣಿಯಿಂದ ಹೊರಬರುವ ದಾರಿಯಲ್ಲಿ ವಯಸ್ಸಾದ ತಾಯಿಯೊಬ್ಬರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಇಟ್ಟುಕೊಂಡು ಕುಳಿತಿದ್ದರು. ಅವರ ಮಗ, ಸೊಸೆ ಇಬ್ಬರೂ ನಮ್ಮ ಕಡೆಯ ಕಾಫಿ ತೋಟವೊಂದಕ್ಕೆ ಕೂಲಿಗೆ ಬಂದವರು. ಮಾತಿನ ನಡುವೆ ವೃದ್ಧಾಪ್ಯ ವೇತನ ಬರುತ್ತದೆಯೇ ಎಂದು ಕೇಳಿದೆವು. ಆ ಸೀಮೆಯಲ್ಲಿ ಅದಕ್ಕೂ ಪಗಾರ ಎಂದೇ ಹೆಸರು.

“ಬರತೈತ್ರಿ. ಜ್ವಾಳ ತುಟ್ಟಿ ಆತಂದ್ರ ರೊಟ್ಟಿ ರೇಟು ನಾ ಏರಸ್ತೀನಿ. ಪಗಾರ ಏರಸೂದು ನನ್ನ ಕೈಯಾಗ ಏನೈತ್ರಿ?” ಎಂದರು.

ಊರಿಗೆ ಮರಳಿದ ಮೇಲೂ ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಸರ್ಕಾರ ಕೊಡುವ ವೃದ್ಧಾಪ್ಯ ವೇತನವು ವರ್ಷವರ್ಷವೂ ತಾನಾಗಿ ಏರುವಂತೆ ಕಾಯ್ದೆಯ ಕಟ್ಟುಪಾಡು ಇರಬೇಕೇ? ಇದ್ದರೆ ಅದು ನ್ಯಾಯವೇ? ಬೊಕ್ಕಸಕ್ಕೆ ಅದನ್ನು ಹೊರುವ ಶಕ್ತಿ ಇದೆಯೇ? ತೆರಿಗೆ ಕೊಡುವವರೂ ನಾವೇ, ನಾಳೆ ಮುದುಕರಾಗುವವರೂ ನಾವೇ. ಆದುದರಿಂದ ಈ ವಿಷಯವನ್ನು ನಾವು ತಿಳಿದಿರುವುದು ಒಳ್ಳೆಯದು.

ಯಾರಿಗೆ ಏರುತ್ತದೆ, ಯಾರಿಗೆ ಇಲ್ಲ

ಸರ್ಕಾರಿ ನೌಕರಿಯಿಂದ ಹಳೆಯ ಪದ್ಧತಿಯಂತೆ ನಿವೃತ್ತರಾದವರಿಗೆ ಪಿಂಚಣಿಯ ಮೇಲೆ ತುಟ್ಟಿಭತ್ಯೆ ಇದೆ. ಬೆಲೆ ಸೂಚ್ಯಂಕ ಏರಿದಂತೆ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಗಳಿಂದ ಅನ್ವಯವಾಗುವಂತೆ, ಅದೂ ಏರುತ್ತದೆ. ಇದು ಯಾರೋ ಕೊಟ್ಟ ದಾನವಲ್ಲ. ಪಿಂಚಣಿ ಎಂಬುದು ಭಿಕ್ಷೆಯಲ್ಲ, ದುಡಿದು ಸಂಪಾದಿಸಿದ ಹಕ್ಕು ಎಂದು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅದರ ಬಗ್ಗೆ ನಮ್ಮ ತಕರಾರಿಲ್ಲ.

ಇನ್ನು ಬಡ ವೃದ್ಧರ ವೇತನವನ್ನು ನೋಡೋಣ. ಕರ್ನಾಟಕದಲ್ಲಿ 65 ವರ್ಷ ದಾಟಿದವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ತಿಂಗಳಿಗೆ 400 ರೂಪಾಯಿಯೊಂದಿಗೆ ಆರಂಭವಾಯಿತು. 2018ರಲ್ಲಿ 1,000 ರೂ., 2021ರಲ್ಲಿ 1,200 ರೂ. ಆಯಿತು. ಏರಿಕೆಯೇನೋ ಆಗಿದೆ. ಆದರೆ ಅದು ಯಾವ ನಿಯಮಕ್ಕೂ ಕಟ್ಟುಬಿದ್ದು ಆದುದಲ್ಲ. ಹೊಸ ಮುಖ್ಯಮಂತ್ರಿ ಬಂದಾಗ, ಬಜೆಟ್ ಮಂಡನೆಯಾದಾಗ ಒಂದು ಘೋಷಣೆ, ಆಮೇಲೆ ಹಲವು ವರ್ಷ ಮೌನ.

ಕೇಂದ್ರ ಸರ್ಕಾರದ ಪಾಲಂತೂ ಇನ್ನೂ ಗಟ್ಟಿಯಾಗಿ ನಿಂತಿದೆ. 1995ರಲ್ಲಿ 75 ರೂ. ಇದ್ದ ವೃದ್ಧಾಪ್ಯ ವೇತನದ ಕೇಂದ್ರ ಪಾಲು 2006ರಲ್ಲಿ 200 ರೂ. ಆಯಿತು. 80 ದಾಟಿದವರಿಗೆ 2011ರಿಂದ 500 ರೂ. ಉಳಿದವರಿಗೆ ಆ ಬಳಿಕ ಹದಿನೆಂಟು ವರ್ಷ ಕಳೆದರೂ ಅದೇ 200. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿತೆಂದು ಹಿಡಿದರೆ, ಹದಿನೆಂಟು ವರ್ಷಗಳಲ್ಲಿ 200 ರೂಪಾಯಿಯ ಕೊಳ್ಳುವ ಶಕ್ತಿ 70 ರೂಪಾಯಿಗೆ ಇಳಿಯುತ್ತದೆ.

ಹೆಚ್ಚು ಪಿಂಚಣಿ ಇದ್ದವರಿಗೆ ಬೆಲೆಯ ಆಸರೆ ಉಂಟು, ಕಡಿಮೆ ಇದ್ದವರಿಗೆ ಇಲ್ಲ. ನ್ಯಾಯದ ಪ್ರಶ್ನೆ ಇರುವುದೇ ಇಲ್ಲಿ.

ಕೂಲಿಯ ಅಳತೆಗೋಲು

ಇದನ್ನು ಅಳೆಯಲು ನಮಗೆ ಪರಿಚಿತವಾದ ಕೋಲೊಂದಿದೆ. ತೋಟದ ಆಳುಗಳ ಕನಿಷ್ಠ ಕೂಲಿಯಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದನ್ನು ನಾವೆಲ್ಲ ಬಲ್ಲೆವು. ಅದೇ ರೀತಿ ನರೇಗಾ ಕೂಲಿಯನ್ನೂ 2011ರಿಂದ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಜೋಡಿಸಲಾಯಿತು. ಕರ್ನಾಟಕದಲ್ಲಿ ಆ ದಿನಗೂಲಿ 2021-22ರಲ್ಲಿ 289 ರೂ. ಇತ್ತು. 2024-25ರಲ್ಲಿ 349 ರೂ. ಆಯಿತು. ಎಂದರೆ ಮೂರು ವರ್ಷದಲ್ಲಿ ಸುಮಾರು ಶೇಕಡಾ 21ರಷ್ಟು ಏರಿಕೆ.

ಸಂಧ್ಯಾ ಸುರಕ್ಷಾ ವೇತನವೂ ಇದೇ ಪ್ರಮಾಣದಲ್ಲಿ ಏರಿದ್ದರೆ 1,200 ರೂ. ಇದ್ದದ್ದು 1,449 ರೂ. ಆಗಬೇಕಿತ್ತು. ಆ ಅವಧಿಯಲ್ಲಿ ಅದು 1,200ರಲ್ಲೇ ನಿಂತಿತು. ತಿಂಗಳಿಗೆ 249 ರೂ. ಖೋತಾ, ವರ್ಷಕ್ಕೆ ಹತ್ತಿರ ಹತ್ತಿರ 3,000. ಅಂದರೆ ಆ ರೊಟ್ಟಿಯ ತಾಯಿಗೆ ಹನ್ನೆರಡು ತಿಂಗಳ ಪಗಾರದಲ್ಲಿ ಎರಡು ತಿಂಗಳದ್ದಕ್ಕಿಂತ ಹೆಚ್ಚು ಸದ್ದಿಲ್ಲದೆ ಕಳೆದುಹೋದಂತೆ. ವೇತನವನ್ನು ಕಡಿತ ಮಾಡಿದೆವೆಂದು ಯಾರೂ ಆದೇಶ ಹೊರಡಿಸಲಿಲ್ಲ. ಆದರೂ ಕಡಿತ ಆಯಿತು.

ಖರ್ಚು ಎಷ್ಟು?

ಲೆಕ್ಕ ಸರಳ. ಒಂದು ಲಕ್ಷ ಜನರಿಗೆ ತಿಂಗಳಿಗೆ 1,200 ರೂ. ಕೊಟ್ಟರೆ ವರ್ಷಕ್ಕೆ 144 ಕೋಟಿ ರೂ. ಅದನ್ನು ಶೇಕಡಾ 5ರಷ್ಟು ಏರಿಸಿದರೆ ಹೆಚ್ಚುವರಿ 7 ಕೋಟಿ 20 ಲಕ್ಷ. ಬೆಲೆ ಏರಿದಾಗ ಸರ್ಕಾರದ ತೆರಿಗೆ ಹುಟ್ಟುವಳಿಯೂ ಸಾಮಾನ್ಯವಾಗಿ ಏರುತ್ತದೆ. ಆದ್ದರಿಂದ ಬೆಲೆಯಷ್ಟೇ ಏರುವ ವೇತನ ಬೊಕ್ಕಸದ ಬೆನ್ನು ಮುರಿಯುವುದಿಲ್ಲ.

ಆದರೆ ಭರವಸೆ ಅಳತೆ ಮೀರಿದರೆ ಕಥೆಯೇ ಬೇರೆ. ರಾಜಸ್ಥಾನವು 2023ರಲ್ಲಿ ಕನಿಷ್ಠ ಆದಾಯ ಖಾತ್ರಿ ಕಾಯ್ದೆಯನ್ನು ತಂದು, ವೃದ್ಧಾಪ್ಯ ವೇತನ ಕನಿಷ್ಠ 1,000 ರೂ. ಇರಬೇಕು, ವರ್ಷಕ್ಕೆ ಶೇಕಡಾ 15ರಂತೆ, ಜುಲೈನಲ್ಲಿ 5 ಮತ್ತು ಜನವರಿಯಲ್ಲಿ 10, ಏರಬೇಕು ಎಂದು ಬರೆಯಿತು. ಕೇಳಲು ಸೊಗಸು. ಚಕ್ರಬಡ್ಡಿಯಂತೆ ಬೆಳೆದರೆ ಅದು ಐದು ವರ್ಷಕ್ಕೆ 2,000 ರೂ., ಹತ್ತು ವರ್ಷಕ್ಕೆ 4,000, ಇಪ್ಪತ್ತು ವರ್ಷಕ್ಕೆ 16,000 ದಾಟುತ್ತದೆ. ಯಾವ ರಾಜ್ಯದ ಆದಾಯವೂ ಅಷ್ಟು ಕಾಲ ಆ ವೇಗದಲ್ಲಿ ಬೆಳೆಯುವುದಿಲ್ಲ. 2024ರಲ್ಲಿ 1,150 ರೂ. ಆಯಿತು, ಸರಿ. 2025ರ ಬಜೆಟ್ಟಿನಲ್ಲಿ ಘೋಷಿಸಿದ್ದು 1,250. ಶೇಕಡಾ 9ಕ್ಕಿಂತ ಕಡಿಮೆ.

ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆ. ಅಲ್ಲಿ 2011ರಿಂದ ಸರ್ಕಾರಿ ಪಿಂಚಣಿಗೆ ಮೂರು ಬೀಗ ಹಾಕಿದ್ದಾರೆ. ಬೆಲೆ ಏರಿಕೆ, ಸಂಬಳದ ಏರಿಕೆ, ಶೇಕಡಾ 2.5, ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಏರಿಕೆ. ಪ್ರತಿ ವರ್ಷವೂ ಮೂರು ಮಾರುಕಟ್ಟೆಗಳ ಪೈಕಿ ಅತಿ ಹೆಚ್ಚಿನ ಧಾರಣೆಯನ್ನೇ ಆರಿಸಿಕೊಳ್ಳುವ ಅಡಿಕೆ ಬೆಳೆಗಾರನನ್ನು ಊಹಿಸಿಕೊಳ್ಳಿ. ಬೆಲೆಗಿಂತಲೂ, ಸಂಬಳಕ್ಕಿಂತಲೂ ಪಿಂಚಣಿ ಮುಂದೆ ಓಡುತ್ತದೆ. ಭಾರ ದುಡಿಯುವ ಯುವಕರ ಮೇಲೆ ಬೀಳುತ್ತದೆ. 2022ರಲ್ಲಿ ಸಂಬಳದ ಬೀಗವನ್ನು ಒಂದು ವರ್ಷ ತೆಗೆದಿಡಬೇಕಾಯಿತು.

ನಮ್ಮಲ್ಲೂ ದುಡಿಯುವ ಕೈಗಳು ಕಡಿಮೆಯಾಗುತ್ತಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ತಾಯಿಯೊಬ್ಬಳಿಗೆ ಸರಾಸರಿ 1.7 ಮಕ್ಕಳು. ಮುದುಕರು ಹೆಚ್ಚಿ ದುಡಿಯುವವರು ಇಳಿಯುವ ಕಾಲ ದೂರವಿಲ್ಲ.

ಕಾಸರಗೋಡಿನ ನಮ್ಮ ಬೆಳೆಗಾರ ಬಂಧುಗಳು ಇನ್ನೊಂದು ಪಾಠ ಕಂಡಿದ್ದಾರೆ. ಕೇರಳದಲ್ಲಿ 2021ರಲ್ಲಿ ಕ್ಷೇಮ ಪಿಂಚಣಿ 1,600 ರೂ. ಆಯಿತು, ನಮ್ಮದಕ್ಕಿಂತ ಹೆಚ್ಚು. ಆದರೆ 2023-24ರಲ್ಲಿ ಅದು ತಿಂಗಳುಗಟ್ಟಲೆ ಬಾಕಿ ಬಿತ್ತು. ಮೊತ್ತ ದೊಡ್ಡದಿದ್ದರೆ ಸಾಲದು, ಹೊತ್ತಿಗೆ ಕೈಸೇರಬೇಕು.

ನಮ್ಮ ಅಭಿಪ್ರಾಯ

1. ವೃದ್ಧಾಪ್ಯ ವೇತನವನ್ನು ಬೆಲೆ ಸೂಚ್ಯಂಕಕ್ಕೆ, ಅದಕ್ಕೆ ಮಾತ್ರ, ಜೋಡಿಸಬೇಕು. ಮೂರು ಬೀಗವೂ ಬೇಡ, ಶೇಕಡಾ 15ರ ಆಸೆಯೂ ಬೇಡ.

2. ಪ್ರತಿ ಏಪ್ರಿಲ್‌ನಲ್ಲಿ, ಯಾರ ಘೋಷಣೆಗೂ ಕಾಯದೆ, ಕೂಲಿಯ ತುಟ್ಟಿಭತ್ಯೆಯಂತೆ ಅದು ತಾನಾಗಿ ಏರಬೇಕು.

3. ಕಷ್ಟದ ವರ್ಷದಲ್ಲಿ ತಡೆಯಬೇಕಾಗಿ ಬಂದರೆ, ತಡೆದದ್ದನ್ನು ಮುಂದೆ ಸೇರಿಸಿ ಕೊಡಬೇಕು. ಕೊರೋನಾ ಕಾಲದಲ್ಲಿ, 2020ರ ಜನವರಿಯಿಂದ ಹದಿನೆಂಟು ತಿಂಗಳು, ನೌಕರರ ತುಟ್ಟಿಭತ್ಯೆಯ ಏರಿಕೆಯನ್ನೂ ತಡೆಹಿಡಿಯಲಾಗಿತ್ತು. ಕಷ್ಟ ಬಂದಾಗ ಎಲ್ಲರೂ ಹೊರಬೇಕು, ಮುದುಕರು ಮಾತ್ರ ಅಲ್ಲ.

4. ಬೊಕ್ಕಸದಲ್ಲಿ ಹಣ ಸಾಲದಿದ್ದರೆ, ಬೆಲೆಯ ಆಸರೆ ಮೊದಲು ಸಿಗಬೇಕಾದದ್ದು ಅತಿ ಕಡಿಮೆ ವೇತನದವರಿಗೆ.

ನಮ್ಮ ಮನೆಯ ಲೆಕ್ಕ

ಎರಡು ಹೆಕ್ಟೇರಿನವರೆಗೆ, ಅಂದರೆ ಸುಮಾರು ಐದು ಎಕರೆಯವರೆಗೆ, ಸಾಗುವಳಿ ಭೂಮಿ ಇರುವ ರೈತರಿಗಾಗಿ ಕೇಂದ್ರವು 2019ರಲ್ಲಿ ಕಿಸಾನ್ ಮಾನ್‌ಧನ್ ಯೋಜನೆ ತಂದಿತು. ಸೇರುವಾಗಿನ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂ. ಕಟ್ಟಿದರೆ, ಸರ್ಕಾರವೂ ಅಷ್ಟೇ ಹಾಕಿ, 60 ತುಂಬಿದ ಮೇಲೆ ತಿಂಗಳಿಗೆ 3,000 ರೂ. ಕೊಡುತ್ತದೆ. ಇದು ನಿಗದಿ ಮೊತ್ತ, ಏರುವುದಿಲ್ಲ ಎಂಬುದನ್ನು ಗಮನಿಸಿ. 2019ರಲ್ಲಿ 18ರ ಹರೆಯದಲ್ಲಿ ಸೇರಿದವನಿಗೆ 60 ಆಗುವುದು 2061ಕ್ಕೆ. ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿದರೂ ಆಗಿನ 3,000 ರೂಪಾಯಿಗೆ 2019ರ 387 ರೂಪಾಯಿಯ ಬೆಲೆ. 40ನೆಯ ವಯಸ್ಸಿನಲ್ಲಿ ಸೇರಿದವನಿಗೆ ಸುಮಾರು 1,130. ಸೇರಬೇಡಿ ಎಂದು ನಾವು ಹೇಳುತ್ತಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುತ್ತೇವೆ.

ಹಿಂದಿನವರು ಈ ಗುಟ್ಟು ಬಲ್ಲವರಾಗಿದ್ದರು. ಊರಿನ ಬಡಿಗ, ಕಮ್ಮಾರರಿಗೆ ಆಯ ಕೊಡುತ್ತಿದ್ದುದು ಕಾಳಿನಲ್ಲಿ. ಸುಮಾರು 1,400 ವರ್ಷಗಳ ಹಿಂದೆ ಚಾಲುಕ್ಯ ಮಂಗಳೇಶನು ಮಹಾಕೂಟದಲ್ಲಿ ನಿಲ್ಲಿಸಿದ ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತು ಸಂಗ್ರಹಾಲಯದಲ್ಲಿದೆ. ಅದರ ಶಾಸನದಲ್ಲಿ ದೇವರಿಗೆ ಬಿಟ್ಟುಕೊಟ್ಟಿರುವುದು ಹತ್ತು ಹಳ್ಳಿಗಳನ್ನು. ಜೋಳ ತುಟ್ಟಿಯಾದರೆ ಹಳ್ಳಿಯ ಹುಟ್ಟುವಳಿಯ ಬೆಲೆಯೂ ಏರುತ್ತದೆ. ತುಟ್ಟಿಭತ್ಯೆ ದಾನದೊಳಗೇ ಅಡಗಿತ್ತು.

ಆದುದರಿಂದ ವಯಸ್ಸಾದ ಸದಸ್ಯರಿಗೆ ಒಂದು ಮಾತು. ಮಕ್ಕಳಿಗೆ ತೋಟ ಪಾಲು ಮಾಡುವಾಗ ಕಾಳುಮೆಣಸು ಹಬ್ಬಿದ ಒಂದು ತುಂಡನ್ನಾದರೂ ನಿಮ್ಮ ಹೆಸರಿನಲ್ಲಿ ಉಳಿಸಿಕೊಳ್ಳಿ. ಧಾರಣೆ ಒಮ್ಮೆ ಬಿದ್ದರೂ ಮತ್ತೊಮ್ಮೆ ಏಳುತ್ತದೆ. ಅಂಥ ತುಂಡು ನೆಲವೂ ಇಲ್ಲದೆ ರೊಟ್ಟಿ ಬುಟ್ಟಿಯೊಂದಿಗೆ ಕುಳಿತವರಿಗೆ ಬೆಲೆಯ ಜೊತೆ ಏರುವ ಪಗಾರವನ್ನು ಕಾಯ್ದೆಯೇ ಕೊಡಬೇಕು. ನಮ್ಮ ತೋಟದಲ್ಲಿ ದುಡಿಯುವ ಕೈಗಳ ತಾಯಿ ತಂದೆಯರು ಅವರು ಎಂಬುದನ್ನು ಶಾಸಕರು ಅಹವಾಲು ಕೇಳಲು ಬಂದಾಗ ನಾವು ಮರೆಯದಿರೋಣ.