ಗೇಮ್ ಲಾಂಚರ್‌ನಲ್ಲಿ ತೂತು ಕಂಡರೆ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಈ ವಾರದ ಮಾತನ್ನು ಬರಹದಲ್ಲಿ ಹಾಕಿದ್ದೇನೆ. ಹಿಂಜವಡಿ ಟ್ರಾಫಿಕ್ಕಿನಲ್ಲಿ ಕೂತೇ ಓದಿ ಮುಗಿಸಬಹುದು.

ಮನೆಯ ಕಂಪ್ಯೂಟರಿನಲ್ಲಿ ಮಕ್ಕಳು ಸ್ಟೀಮ್ ಅಥವಾ ಎಪಿಕ್ ಹಾಕಿಕೊಂಡಿರ್ತಾರೆ. ಅದರಲ್ಲೇ ನಾವು ಬ್ಯಾಂಕ್ ಲಾಗಿನ್ ಮಾಡ್ತೀವಿ, ತೆರಿಗೆ ರಿಟರ್ನ್ಸ್ ತುಂಬ್ತೀವಿ. ಲಾಂಚರ್ ಅಂದ್ರೆ ಬರೀ ಗೇಮ್ ತೆರೆಯೋ ಬಟನ್ ಅಲ್ಲ. ಪ್ರತಿ ಅಪ್‌ಡೇಟಿಗೂ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಆಡುವವರಿಗೆ ಕಿರಿಕಿರಿ. ಹಾಗಾಗಿ ಎಷ್ಟೋ ಲಾಂಚರ್‌ಗಳು ವಿಂಡೋಸ್‌ನಲ್ಲಿ ಸಿಸ್ಟಮ್ ಮಟ್ಟದ ಅಧಿಕಾರ ಇರುವ ಒಂದು ಸರ್ವಿಸ್ ಇಟ್ಟಿರುತ್ತವೆ.

ಅದನ್ನು ನಮ್ಮ ಹೌಸಿಂಗ್ ಸೊಸೈಟಿಯ ಪ್ಲಂಬರ್ ಅಂತ ತಿಳ್ಕೊಳ್ಳಿ. ಎಲ್ಲ ಫ್ಲ್ಯಾಟುಗಳ ಕೀ ಅವನ ಹತ್ತಿರ ಇದೆ. ರಿಜಿಸ್ಟರಿನಲ್ಲಿ ಬರೆದ ನಂಬರಿನ ಬಾಗಿಲು ತೆಗೀತಾನೆ. ಆದರೆ ಆ ರಿಜಿಸ್ಟರು ಗೇಟಿನ ಹತ್ತಿರ ಪೆನ್ಸಿಲ್ ಸಮೇತ ತೆರೆದೇ ಬಿದ್ದಿದೆ!

2019ರಲ್ಲಿ ವಾಸಿಲಿ ಕ್ರಾವೆಟ್ಸ್ ಎಂಬ ಸಂಶೋಧಕರು ಸ್ಟೀಮ್‌ನಲ್ಲಿ ಕಂಡದ್ದು ಹೆಚ್ಚುಕಡಿಮೆ ಇದೇ. ಸ್ಟೀಮ್ ಸರ್ವಿಸ್ ವಿಂಡೋಸ್ ರಿಜಿಸ್ಟ್ರಿಯ ಕೆಲವು ಕೀಗಳ ಮೇಲೆ ಸಾಮಾನ್ಯ ಬಳಕೆದಾರನಿಗೂ ಪೂರ್ತಿ ಅನುಮತಿ ಕೊಡುತ್ತಿತ್ತು. ಅಲ್ಲೊಂದು ಲಿಂಕ್ ಇಟ್ಟು ಬೇರೆ ಸರ್ವಿಸ್‌ನ ಕೀಗೆ ತಿರುಗಿಸಿದರೆ, ಸಣ್ಣ ಪ್ರೋಗ್ರಾಂ ಕೂಡ ಇಡೀ ಯಂತ್ರದ ಯಜಮಾನ ಆಗಬಹುದಿತ್ತು. ಅವರು ಹ್ಯಾಕರ್‌ವನ್ ಮೂಲಕ ಜೂನ್‌ನಲ್ಲೇ ವರದಿ ಮಾಡಿದರು. 'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಎಂಬ ಉತ್ತರ ಬಂತು, ಜೊತೆಗೆ ಹೊರಗೆ ಹೇಳಬೇಡಿ ಅಂತಲೂ ಸೂಚನೆ. ವ್ಯಾಪ್ತಿಗೇ ಬರದಿದ್ದರೆ ಗುಟ್ಟು ಯಾಕೆ ಹೇಳಿ? ಅವರು ಆಗಸ್ಟ್ 7ರಂದು ಪ್ರಕಟಿಸಿಬಿಟ್ಟರು. ವಾಲ್ವ್ ತನ್ನ ಬಗ್ ಬೌಂಟಿಯಿಂದ ಅವರನ್ನು ಹೊರಗಿಟ್ಟಿತು. ಅವರು ಎರಡನೇ ಲೋಪವನ್ನು ನೇರವಾಗಿ ಬಹಿರಂಗ ಮಾಡಿದರು. ಕೊನೆಗೆ ಅದೇ ತಿಂಗಳು ವಾಲ್ವ್ ನಿಯಮ ಬದಲಿಸಿ, ಅವರ ವರದಿಯನ್ನು ತಿರಸ್ಕರಿಸಿದ್ದು ತಪ್ಪು ಎಂದು ಒಪ್ಪಿತು.

ಇನ್ನೊಂದು ತುದಿ ನೋಡಿ. 2008ರಿಂದ ಪುಣೆಯಲ್ಲಿ ಸ್ಟುಡಿಯೋ ಇರುವ ಯೂಬಿಸಾಫ್ಟ್ ನಮಗೆಲ್ಲ ಗೊತ್ತಿರುವ ಹೆಸರು. ಆ ಕಂಪನಿಯ ಯೂಪ್ಲೇ ಲಾಂಚರ್ ಬ್ರೌಸರಿಗೆ ಒಂದು ಪ್ಲಗಿನ್ ಸೇರಿಸುತ್ತಿತ್ತು. ಯಾವುದೇ ವೆಬ್‌ಸೈಟ್ ಆ ಪ್ಲಗಿನ್ ಬಳಸಿ ನಿಮ್ಮ ಯಂತ್ರದಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಓಡಿಸಬಹುದು ಎಂದು ಗೂಗಲ್‌ನ ಟಾವಿಸ್ ಒರ್ಮಂಡಿ 2012ರ ಜುಲೈ ಕೊನೆಯಲ್ಲಿ ನೇರವಾಗಿ ಬಹಿರಂಗ ಮಾಡಿದರು. ಯೂಬಿಸಾಫ್ಟ್ ಕೂಡಲೇ ಪ್ಯಾಚ್ ಬಿಟ್ಟಿತು. ಒಳ್ಳೆಯದೇ ಆಯ್ತು. ಆದರೆ ಪ್ಯಾಚ್ ತಲುಪುವ ತನಕ ಕಳ್ಳನಿಗೂ ಬಳಕೆದಾರನಿಗೂ ಒಂದೇ ಮಾಹಿತಿ ಸಿಕ್ಕಿತ್ತು, ಮತ್ತು ಅದನ್ನು ಬಳಸೋದು ಗೊತ್ತಿದ್ದದ್ದು ಕಳ್ಳನಿಗೆ ಮಾತ್ರ.

ಈ ಎರಡರ ನಡುವಿನ ಪ್ರಕರಣ 2018ರ ಆಗಸ್ಟ್‌ನದು. ಎಪಿಕ್ ಕಂಪನಿ ಪ್ಲೇ ಸ್ಟೋರ್ ಬಿಟ್ಟು ತನ್ನದೇ ಇನ್‌ಸ್ಟಾಲರ್ ಮೂಲಕ ಫೋರ್ಟ್‌ನೈಟ್ ಹಂಚುತ್ತಿತ್ತು. ಡೌನ್‌ಲೋಡ್ ಆದ ಫೈಲನ್ನು ಫೋನಿನ ಬೇರೆ ಆ್ಯಪ್ ಅದಲುಬದಲು ಮಾಡಬಹುದು ಅಂತ ಗೂಗಲ್ 15ರಂದು ತಿಳಿಸಿತು. ಎಪಿಕ್ ಎರಡು ದಿನದೊಳಗೆ ಸರಿಪಡಿಸಿ, ಪ್ರಕಟಣೆಗೆ 90 ದಿನ ತಡೆಯಿರಿ ಅಂತ ಕೇಳಿಕೊಂಡಿತು. ಪ್ಯಾಚ್ ಬಂದು ಏಳು ದಿನ ಆಯ್ತು ಅಂತ ಗೂಗಲ್ ವಿವರ ಪ್ರಕಟಿಸಿತು. ಇದು ಬೇಜವಾಬ್ದಾರಿ ಎಂದು ಎಪಿಕ್‌ನ ಟಿಮ್ ಸ್ವೀನಿ ಸಿಟ್ಟಾದರು. ನನ್ನ ಪ್ರಕಾರ ಗೂಗಲ್ ತನ್ನ ನಿಯಮ ಮೀರಲಿಲ್ಲ, ಆದರೆ ಸ್ಪರ್ಧಿಯ ಲೋಪವನ್ನು ಬಯಲು ಮಾಡುವಾಗ ಇನ್ನಷ್ಟು ತಾಳ್ಮೆ ಇದ್ದಿದ್ದರೆ ಚೆನ್ನಾಗಿತ್ತು.

ನಾನು ಹೇಳೋದು ಇಷ್ಟೇ. ಸಂಶೋಧಕ ಮತ್ತು ಕಂಪನಿ ಜಗಳ ಆಡುವಾಗ ಅಪಾಯದಲ್ಲಿರುವ ಬಳಕೆದಾರ ಆ ಮಾತುಕತೆಯಲ್ಲಿ ಇರೋದೇ ಇಲ್ಲ. ಮೊದಲು ಗುಟ್ಟಾಗಿ ಹೇಳೋದು ಅವನಿಗಾಗಿ. ಗಡುವು ಇಡೋದೂ ಅವನಿಗಾಗಿಯೇ, ಯಾಕಂದ್ರೆ ಗಡುವಿಲ್ಲದ ಟಿಕೆಟ್ಟಿನ ಗತಿ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ದುಡ್ಡು ಕೊಡಿ, ಇಲ್ಲದಿದ್ದರೆ ಪ್ರಕಟಿಸ್ತೀನಿ' ಅಂದರೆ ಮಾತ್ರ ಅದು ಸುಲಿಗೆ.

ಹಾಗಾದರೆ ಭಾರತದಲ್ಲಿ ಕೂತ ನಾವು ಏನು ಮಾಡಬೇಕು?

ಒಂದು, ಪರೀಕ್ಷೆ ನಿಮ್ಮ ಸ್ವಂತ ಯಂತ್ರದಲ್ಲಿ, ಸ್ವಂತ ಖಾತೆಯಲ್ಲಿ ಮಾತ್ರ. ಕಂಪನಿಯ ಸರ್ವರಿಗೆ ಅನುಮತಿ ಇಲ್ಲದೆ ಕೈ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಇದೆ. ಅದರಲ್ಲಿ ವಂಚನೆಯ ಉದ್ದೇಶ ಕಂಡರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಎರಡು, ಆಫೀಸ್ ಲ್ಯಾಪ್‌ಟಾಪ್ ಮುಟ್ಟಬೇಡಿ. ನೌಕರಿ ಕರಾರನ್ನೂ ಗೇಮಿನ ಲೈಸೆನ್ಸನ್ನೂ ಒಮ್ಮೆ ಓದಿ.

ಮೂರು, ಕಂಪನಿಯ ಬಗ್ ಬೌಂಟಿ ನಿಯಮ ನೋಡಿ ಲಿಖಿತವಾಗಿ ವರದಿ ಮಾಡಿ. ತಾರೀಖು, ವರ್ಷನ್, ಹಂತಗಳು ಎಲ್ಲ ಇರಲಿ. ಎಷ್ಟು ದಿನ ಕಾಯ್ತೀರಿ ಅಂತ ಸೌಜನ್ಯದಿಂದಲೇ ತಿಳಿಸಿ. 90 ದಿನ ಸಾಮಾನ್ಯ ರೂಢಿ.

ನಾಲ್ಕು, ಉತ್ತರ ಬರದಿದ್ದರೆ ಅಥವಾ 'ವ್ಯಾಪ್ತಿಗೆ ಬರಲ್ಲ' ಅಂದರೆ ಸರ್ಟ್-ಇನ್‌ಗೆ ಬರೆಯಿರಿ. ಕೇಂದ್ರ ಸರ್ಕಾರದ ಈ ಸಂಸ್ಥೆ ಲೋಪಗಳ ವರದಿ ಪಡೆದು ಕಂಪನಿಯ ಜೊತೆ ಮಾತಾಡುತ್ತದೆ, ಸಿವಿಇ ನಂಬರ್ ಕೂಡ ಕೊಡಬಲ್ಲದು. ಸರ್ಕಾರಿ ಸಂಸ್ಥೆಯೊಂದು ಮಧ್ಯೆ ಇದ್ದರೆ ಒಂಟಿ ಇಂಜಿನಿಯರಿಗೆ ಧೈರ್ಯ.

ಲೋಪ ಹುಡುಕದವರಿಗೂ ಕೆಲಸ ಇದೆ. ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಖಾತೆ ಮಾಡಿ, ಆಡದ ಲಾಂಚರ್ ತೆಗೆದುಹಾಕಿ, ಅಪ್‌ಡೇಟ್ ಮುಂದೂಡಬೇಡಿ. ಸಾಧ್ಯವಾದರೆ ಬ್ಯಾಂಕಿನ ಕೆಲಸಕ್ಕೆ ಗೇಮ್ ಇಲ್ಲದ ಯಂತ್ರ ಇಟ್ಟುಕೊಳ್ಳಿ.

ಸಂಶೋಧಕರಿಗೆ ಎಷ್ಟು ದಿನದ ಗಡುವು ನ್ಯಾಯ ಅನ್ನಿಸುತ್ತೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ಮುಂದಿನ ವಾರ ಸಿಗೋಣ.