ಸ್ಟೆಂಟ್ ಹಾಕಿಸಿಕೊಂಡವರು ಮಂಚ ಹಿಡಿಯಬೇಕಿಲ್ಲ: ಎಷ್ಟು ನಡೀಬೇಕು, ಯಾವಾಗ ನಿಲ್ಲಬೇಕು?

ಚಿಂತಾಕಿ (ಔರಾದ್): ಎದೆನೋವು ಬಂದು ಹೈದರಾಬಾದ್‌ಗೋ ಕಲಬುರಗಿಗೋ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರಿಗೆ ಮನೆಮಂದಿ ಹೇಳುವುದು ಒಂದೇ ಮಾತು: ‘ಸುಮ್ನ ಕೂಡ್ರಿ, ಏನೂ ಮಾಡಬ್ಯಾಡ್ರಿ’. ಕಾಳಜಿಯ ಮಾತೇ, ಆದರೆ ಬಹಳ ದಿನ ಪಾಲಿಸಿದರೆ ನಷ್ಟ. ಮೊದಲ ಕೆಲವು ದಿನ ವಿಶ್ರಾಂತಿ ಬೇಕು. ಆಮೇಲೂ ಮಂಚ ಬಿಡದಿದ್ದರೆ ಕೈಕಾಲಿನ ಶಕ್ತಿ ಕುಗ್ಗುತ್ತದೆ, ತೂಕ ಮತ್ತು ಶುಗರ್ ಏರುತ್ತವೆ.

ಹಿಂದೆ ಡಾಕ್ಟರರೂ ಹೀಗೇ ನಂಬಿದ್ದರು. ಹೃದಯಾಘಾತ ಆದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ವೈದ್ಯರಾದ ಲೆವಿನ್ ಮತ್ತು ಲೌನ್, ರೋಗಿಗಳನ್ನು ಬೇಗನೇ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬಹುದು ಎಂದು ತೋರಿಸಿದರು. ಈಗ ಹೃದ್ರೋಗಿಗಳಿಗೆ ಅಳತೆ ಮಾಡಿ ವ್ಯಾಯಾಮ ಮಾಡಿಸುವುದು ಚಿಕಿತ್ಸೆಯದೇ ಭಾಗ. ಇದಕ್ಕೆ ಕಾರ್ಡಿಯಾಕ್ ರಿಹ್ಯಾಬ್ ಅಂತಾರೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ವ್ಯಾಯಾಮ ಅಂದ್ರೆ ಹೆದರುವವರು ಹೆಚ್ಚಾದರು. ಆದರೆ ಜಿಮ್‌ನಲ್ಲಿ ಭಾರ ಎತ್ತುವುದೇ ಬೇರೆ, ಡಾಕ್ಟರ್ ಹೇಳಿದ ಅಳತೆಯಲ್ಲಿ ನಡೆಯುವುದೇ ಬೇರೆ. ನಡೆದು ಪಳಗಿದ ಕಾಲಿನ ಸ್ನಾಯುಗಳು ಅದೇ ರಕ್ತದಿಂದ ಹೆಚ್ಚು ಆಮ್ಲಜನಕ ಎಳೆದುಕೊಳ್ಳುತ್ತವೆ. ಹೀಗಾಗಿ ಅಷ್ಟೇ ಕೆಲಸಕ್ಕೆ ಹೃದಯದ ಮೇಲೆ ಭಾರ ಕಡಿಮೆ.

ಎಷ್ಟು ನಡೀಬೇಕು?

ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಸಮತಟ್ಟಾದ ದಾರಿಯಲ್ಲಿ 5ರಿಂದ 10 ನಿಮಿಷ, ದಿನಕ್ಕೆ ಎರಡು ಸಲ. ಆರಾಮ ಅನಿಸಿದರೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಬೇಕು. ಗುರಿ ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಶುರುವಿಗೂ ಕೊನೆಗೂ ಐದು ನಿಮಿಷ ನಿಧಾನ ನಡಿಗೆ ಇರಲಿ.

ಅಳತೆ ಸರಳ: ನಡೆಯುತ್ತಾ ಮಾತಾಡಲು ಬರಬೇಕು. ಮಾತಿನ ನಡುವೆ ಏದುಸಿರು ಬಂದರೆ ವೇಗ ಹೆಚ್ಚಾಗಿದೆ ಎಂದರ್ಥ. ಮೆಟೊಪ್ರೊಲಾಲ್‌ನಂಥ ಗುಳಿಗೆ ನಾಡಿಬಡಿತವನ್ನೇ ತಗ್ಗಿಸುವುದರಿಂದ ಬರೀ ನಾಡಿ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಊಟವಾದ ಕೂಡಲೇ ನಡಿಗೆ ಬೇಡ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ, ಚಳಿಗಾಲದಲ್ಲಿ ಸ್ವಲ್ಪ ಬಿಸಿಲು ಬಿದ್ದ ಮೇಲೆ ಹೊರಡುವುದು ಒಳ್ಳೆಯದು. ಅಂಗಡಿಯವರು ಗಲ್ಲಾಪೆಟ್ಟಿಗೆ ಮುಂದೆ ದಿನವಿಡೀ ಕೂರದೆ ತಾಸಿಗೊಮ್ಮೆ ಎದ್ದು ಓಡಾಡಬೇಕು. ಬೈಪಾಸ್ ಆದವರು ಎದೆಮೂಳೆ ಕೂಡುವವರೆಗೆ, ಅಂದರೆ ಎರಡು-ಮೂರು ತಿಂಗಳು, ಜೋಳದ ಚೀಲ, ತುಂಬಿದ ಕೊಡ ಎತ್ತಲೇಬಾರದು.

ಯೋಗ ಆಗುತ್ತದೆಯೇ?

ಆಗುತ್ತದೆ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ನಡೆದ ‘ಯೋಗ-ಕೇರ್’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಯೋಗ ಕಲಿತವರು 12 ವಾರಗಳಲ್ಲಿ ಹೆಚ್ಚು ಚೇತರಿಸಿಕೊಂಡಿದ್ದರು, ದಿನದ ಕೆಲಸಕ್ಕೂ ಚೆನ್ನಾಗಿ ಮರಳಿದ್ದರು. ಆದರೆ ಮತ್ತೆ ಹೃದಯಾಘಾತ ಆಗುವುದನ್ನು ಯೋಗ ತಡೆಯುತ್ತದೆ ಎಂದು ಅದರಲ್ಲಿ ಸಾಬೀತಾಗಲಿಲ್ಲ. ಹಾಗಾಗಿ ಗುಳಿಗೆ ಬಿಡುವಂತಿಲ್ಲ.

ಯಾವಾಗ ನಿಲ್ಲಬೇಕು?

ಎದೆ ಹಿಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ತಲೆ ತಿರುಗಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ಕೂರಬೇಕು. ಕೂತ ಮೇಲೂ ಕಡಿಮೆಯಾಗದಿದ್ದರೆ ‘ಗ್ಯಾಸ್ ಆಗ್ಯಾದ’ ಅಂತ ಸೋಡಾ ಕುಡಿಯುತ್ತಾ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಕಾಲು ಬಾತು, ಎರಡು-ಮೂರು ದಿನದಲ್ಲೇ ಎರಡು ಕೆ.ಜಿ. ತೂಕ ಏರಿದರೆ ನಡಿಗೆ ನಿಲ್ಲಿಸಿ ಡಾಕ್ಟರರನ್ನು ಕಾಣಬೇಕು.

ಡಿಸ್ಚಾರ್ಜ್ ದಿನ ಬಿಲ್, ಗುಳಿಗೆ ಚೀಟಿ ಜೊತೆ ಇನ್ನೆರಡು ಪ್ರಶ್ನೆ ಕೇಳಿಕೊಂಡೇ ಬರ್ರಿ: ‘ನಾನು ಯಾವತ್ತಿನಿಂದ, ಎಷ್ಟು ನಡೀಬೇಕು? ಅಂಗಡಿಗೆ, ಹೊಲಕ್ಕೆ ಯಾವಾಗ ಹೋಗಬಹುದು?’ ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಂಡರೆ ಮನೆಮಂದಿಗೂ ಧೈರ್ಯ.