ಬ್ರೇಕಿಯಲ್ ಪ್ಲೆಕ್ಸಸ್ ನರಜಾಲದ ಗಾಯ: ಲಕ್ಷಣ, ಚಿಕಿತ್ಸೆ ಮತ್ತು ಅಂಗವಿಕಲತೆ ಪ್ರಮಾಣಪತ್ರ

ನರಜಾಲದ ಕಾರ್ಯ

ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಯಿಂದ ಹೊರಡುವ 5 ನರಮೂಲಗಳು ಹೆಣೆದುಕೊಂಡು ಉಂಟಾಗುವ ಜಾಲವೇ ಬ್ರೇಕಿಯಲ್ ಪ್ಲೆಕ್ಸಸ್. ಭುಜದಿಂದ ಬೆರಳುಗಳವರೆಗಿನ ಚಲನೆ ಹಾಗೂ ಸ್ಪರ್ಶಜ್ಞಾನವು ಬಹುತೇಕ ಇದನ್ನೇ ಅವಲಂಬಿಸಿರುತ್ತದೆ.

ಕಾರಣಗಳು

1. ದ್ವಿಚಕ್ರ ವಾಹನ ಅಪಘಾತ: ತಲೆ ಮತ್ತು ಭುಜ ವಿರುದ್ಧ ದಿಕ್ಕಿಗೆ ಸೆಳೆಯಲ್ಪಟ್ಟಾಗ ನರಗಳು ಹಿಗ್ಗಬಹುದು, ತುಂಡಾಗಬಹುದು ಅಥವಾ ಬೆನ್ನುಹುರಿಯಿಂದಲೇ ಕಿತ್ತುಬರಬಹುದು.
2. ಹೆರಿಗೆ: ಶಿಶುವಿನ ಭುಜ ಸಿಕ್ಕಿಕೊಂಡಾಗ ನರಗಳಿಗೆ ಪೆಟ್ಟಾಗಬಹುದು.
3. ಇತರೆ: ಗಡ್ಡೆ, ಉರಿಯೂತ, ವಿಕಿರಣ ಚಿಕಿತ್ಸೆಯ ಪರಿಣಾಮ.

ಲಕ್ಷಣಗಳು

ತೋಳು ಎತ್ತಲು ಅಥವಾ ಮೊಣಕೈ ಮಡಿಸಲು ಆಗದಿರುವುದು, ಹಿಡಿತ ಕುಂದುವುದು, ಜೋಮು, ಉರಿಯುವಂತಹ ತೀವ್ರ ನೋವು. ನವಜಾತ ಶಿಶು ಒಂದು ಕೈಯನ್ನು ಆಡಿಸದಿದ್ದಲ್ಲಿ ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು.

ಚಿಕಿತ್ಸೆ

ಹಿಗ್ಗಿದ ನರಗಳು ಅನೇಕ ವೇಳೆ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಈ ಅವಧಿಯಲ್ಲಿ ಕೀಲುಗಳು ಬಿಗಿಯಾಗದಂತೆ ಫಿಸಿಯೋಥೆರಪಿ ಅವಶ್ಯಕ. ತುಂಡಾದ ಅಥವಾ ಕಿತ್ತುಬಂದ ನರಗಳಿಗೆ ನರ ಕಸಿ ಅಥವಾ ನರ ವರ್ಗಾವಣೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಎಂ.ಆರ್.ಐ. ಹಾಗೂ ನರ-ಸ್ನಾಯು ಪರೀಕ್ಷೆಗಳು ಗಾಯದ ಸ್ವರೂಪವನ್ನು ತಿಳಿಯಲು ನೆರವಾಗುತ್ತವೆ.

ಕಾಲಮಿತಿಯ ಮಹತ್ವ

ನರವು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ ಬೆಳೆಯುತ್ತದೆ. ನರಸಂಪರ್ಕ ತಪ್ಪಿದ ಸ್ನಾಯುವು ಸುಮಾರು 12ರಿಂದ 18 ತಿಂಗಳಲ್ಲಿ ಮರಳಿ ಬಾರದಂತೆ ಕ್ಷೀಣಿಸುತ್ತದೆ. ಆದ್ದರಿಂದ ನರ ಶಸ್ತ್ರಚಿಕಿತ್ಸೆಯು ಸಾಮಾನ್ಯವಾಗಿ ಗಾಯವಾದ 3ರಿಂದ 6 ತಿಂಗಳೊಳಗೆ ಹೆಚ್ಚು ಫಲಕಾರಿ. ಮೂಳೆ ಕೂಡಿದ ಮೇಲೆ ಕೈಯೂ ಸರಿಹೋಗುವುದೆಂದು ಕಾಯುವುದರಿಂದ ಅಥವಾ ಎಣ್ಣೆ ನೀವಿಸುತ್ತಾ ಕಾಲ ಕಳೆಯುವುದರಿಂದ ಈ ಅವಕಾಶ ಕೈತಪ್ಪುತ್ತದೆ. ಶಿಶುವು 3 ತಿಂಗಳಾದರೂ ಮೊಣಕೈ ಮಡಿಸದಿದ್ದಲ್ಲಿ ತಜ್ಞರ ಪರೀಕ್ಷೆ ಅತ್ಯಗತ್ಯ. ಅವಧಿ ಮೀರಿದವರಿಗೂ ಸ್ನಾಯುರಜ್ಜು ವರ್ಗಾವಣೆಯಂತಹ ಶಸ್ತ್ರಚಿಕಿತ್ಸೆಗಳಿಂದ ಸ್ವಲ್ಪಮಟ್ಟಿನ ಚಲನೆ ದೊರೆಯಬಹುದು.

ಅಂಗವಿಕಲತೆ ಪ್ರಮಾಣಪತ್ರ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರನ್ವಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆಯುಳ್ಳವರು ಮೀಸಲಾತಿಯಂತಹ ಸೌಲಭ್ಯಗಳಿಗೆ ಅರ್ಹರು. 2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಅರ್ಜಿದಾರರು ಆಸ್ಪತ್ರೆಯಿಂದ ಬಿಡುಗಡೆಯಾದ ಪತ್ರ, ಶಸ್ತ್ರಚಿಕಿತ್ಸೆಯ ವಿವರ ಹಾಗೂ ಪರೀಕ್ಷಾ ವರದಿಗಳನ್ನು ಜೋಪಾನವಾಗಿರಿಸಿಕೊಂಡು ವೈದ್ಯಕೀಯ ತಪಾಸಣೆಯ ವೇಳೆ ಹಾಜರುಪಡಿಸುವುದು ಸೂಕ್ತ. ಸ್ಥಿತಿ ಬದಲಾಗುವ ಸಂಭವವಿದ್ದಲ್ಲಿ ನಿಗದಿತ ಅವಧಿಗೆ ಮಾತ್ರ ಪ್ರಮಾಣಪತ್ರ ನೀಡಬಹುದಾಗಿದ್ದು, ಅವಧಿ ಮುಗಿದ ನಂತರ ಮರುಪರೀಕ್ಷೆ ನಡೆಯುತ್ತದೆ. ಪ್ರಮಾಣಪತ್ರಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬಾರದು.